ಕಥಾಲೋಕದ ಮಾಧ್ಯಮವಿಸ್ತಾರ

ಒಂದು ಕೃತಿಯ ಪಾತ್ರಪ್ರಪಂಚವನ್ನು ಅಲ್ಪವ್ಯಯದಿಂದ ಅನ್ಯಮಾಧ್ಯಮಗಳಿಗೆ ಹಬ್ಬಿಸುವ ಕ್ರಮ; ಇಂದು ಸ್ವತಂತ್ರ ಕಂಪ್ಯೂಟರ್ ಆಟಗಳ ನಿರ್ಮಾಪಕರು ಅನುಸರಿಸುವ ಮಾರ್ಗವೂ ಇದೇ. ಸೊರಬ-ಶಿಕಾರಿಪುರ ಸೀಮೆಯಲ್ಲಿ ಇದರ ಪ್ರಾಚೀನ ನಿದರ್ಶನ, ಬಳ್ಳಿಗಾವೆಯವನೆಂದು ಪ್ರಸಿದ್ಧನಾದ ಅಲ್ಲಮಪ್ರಭುವಿನ ಕಥೆ. ಹರಿಹರನ ರಗಳೆಯಲ್ಲಿ ಪ್ರಿಯೆ ಕಾಮಲತೆಯ ಮರಣದಿಂದ ವಿರಕ್ತನಾಗುವ ಮದ್ದಳೆಗಾರ ಅಲ್ಲಮನು, 15ನೆಯ ಶತಮಾನದ ಚಾಮರಸನ ‘ಪ್ರಭುಲಿಂಗಲೀಲೆ’ಯಲ್ಲಿ ಬನವಸೆಯ ಮಾಯೆಗೆ ಸಿಲುಕದ ನಿರ್ಮಾಯನಾಗಿ, ಶೂನ್ಯಸಂಪಾದನೆಗಳಲ್ಲಿ ಶರಣರೊಡನೆ ವಾದಿಸುವ ಗುರುವಾಗಿ, ಕಾಲಕಾಲಕ್ಕೆ ನೂತನನಾಗಿ ಬೆಳೆದನು. ‘ಪ್ರಭುಲಿಂಗಲೀಲೆ’ಯಂಥ ಷಟ್ಪದಿಕಾವ್ಯವನ್ನು ಅಕ್ಷರವರಿಯದ ಜನರಿಗೂ ಮುಟ್ಟಿಸುವ ಗಮಕಕ್ಕೆ ವಾಚಕನೊಬ್ಬ, ವ್ಯಾಖ್ಯಾನಕಾರನೊಬ್ಬ ಸಾಕು. ಮಲೆನಾಡಿನ ತಾಳಮದ್ದಳೆಯಾದರೋ ಯಕ್ಷಗಾನದ ವೇಷ, ನೃತ್ಯ, ರಂಗಸಜ್ಜಿಕೆಗಳ ವೆಚ್ಚವನ್ನೆಲ್ಲ ತೊರೆದು, ಭಾಗವತನ ಪದ್ಯಕ್ಕೆ ಕುಳಿತೇ ಅರ್ಥ ಹೇಳುವವರ ಪ್ರತಿಭೆಯೊಂದನ್ನೇ ನೆಚ್ಚಿದ ಕಲೆ. ಮಿತವ್ಯಯವು ಇಲ್ಲಿ ಕೊರತೆಯಾಗದೆ ಸಂವಾದದ ಸೂಕ್ಷ್ಮತೆಯನ್ನೇ ಹೆಚ್ಚಿಸಿರುವುದು ನಿಜಕ್ಕೂ ಶ್ಲಾಘ್ಯ.