ಐಪಾಡ್ ಬ್ಯಾಟರಿ ಬದಲಾವಣೆ

ಸವೆದ ಲಿಥಿಯಂ ಬ್ಯಾಟರಿ ತೆಗೆದು ಹೊಸದನ್ನು ಕೂರಿಸುವ ರಿಪೇರಿ. 2001ರಲ್ಲಿ ಬಂದ ಐಪಾಡ್ ಅನ್ನು ಆಪಲ್ 2022ರಲ್ಲಿ ನಿಲ್ಲಿಸಿತು. ಕೊಂಡವರೇ ಸುಲಭವಾಗಿ ಬಿಚ್ಚಿ ಹಾಕುವಂಥ ಬ್ಯಾಟರಿ ಅದರಲ್ಲಿ ಎಂದೂ ಇರಲಿಲ್ಲ. ಚೆನ್ನೈನಲ್ಲಿ ಇಂಥ ಕೆಲಸಕ್ಕೆ ನೆನಪಾಗುವುದು ಅಣ್ಣಾ ಸಾಲೈ ಪಕ್ಕದ ರಿಚಿ ಸ್ಟ್ರೀಟ್, ಎಲೆಕ್ಟ್ರಾನಿಕ್ ಬಿಡಿಭಾಗಗಳ ಪೇಟೆ. ಕ್ಲಾಸಿಕ್ ಮಾದರಿಯ ಉಕ್ಕಿನ ಬೆನ್ನನ್ನು ತೆಳು ಪಟ್ಟಿಯಿಂದ ಮೆಲ್ಲಗೆ ಮೀಟಿ ಬಿಡಿಸಬೇಕು. ಅವಸರಪಟ್ಟರೆ ಅಂಚು ಸೊಟ್ಟಗಾಗುತ್ತದೆ, ಒಳಗಿನ ರಿಬ್ಬನ್ ಕೇಬಲ್ ಹರಿಯುತ್ತದೆ. ನ್ಯಾನೊದಲ್ಲಿ ತಂತಿಗಳಿಗೆ ಬೆಸುಗೆ ಹಾಕಬೇಕಾದ್ದರಿಂದ ಅದು ನುರಿತ ಕೈಯ ಕೆಲಸವೇ ಸರಿ. ಅಂಗಡಿಯಲ್ಲಿ ವರ್ಷಗಟ್ಟಲೆ ಬಿದ್ದಿದ್ದ ‘ಹೊಸ’ ಬ್ಯಾಟರಿಯೂ ಶಕ್ತಿಗುಂದಿರುತ್ತದೆ. ದರಕ್ಕಿಂತ ಮೊದಲು ತಯಾರಿಕೆಯ ದಿನಾಂಕ ಕೇಳುವುದು ಮೇಲು. ಉಬ್ಬಿದ ಬ್ಯಾಟರಿಗೆ ಚುಚ್ಚು ತಗುಲಿದರೆ ಬೆಂಕಿ ಹೊತ್ತಿಕೊಳ್ಳಬಹುದು. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳಂತೆ ಹಳೆಯದನ್ನು ಮನೆಕಸದೊಂದಿಗೆ ಬೆರೆಸುವಂತಿಲ್ಲ.