ಬರಿಗಾಲಲ್ಲೇ ಒಲಿಂಪಿಕ್ಸ್‌ಗೆ ಹೋದ ಅಹ್ಮದ್ ಖಾನ್

ಕಾರವಾರ, ಅಂಕೋಲಾದ ಕಡಲ ದಂಡೆಯಲ್ಲಿ ಚೆಂಡಾಡಲು ಬೂಟು ಬೇಕಿಲ್ಲ. ಉಸುಕಿನಲ್ಲಿ ಬರಿಗಾಲೇ ಸೈ. ಹಾಗೆ ಬರಿಗಾಲಲ್ಲಿ ಆಡಿ ಒಲಿಂಪಿಕ್ಸ್‌ವರೆಗೆ ಹೋದ ನಮ್ಮ ರಾಜ್ಯದ ಆಟಗಾರರೊಬ್ಬರ ಕತೆಯನ್ನು ನಾವಿಲ್ಲಿ ಹೇಳುತ್ತಿದ್ದೇವೆ.

ಅಹ್ಮದ್ ಖಾನ್ ಹುಟ್ಟಿದ್ದು 1926ರಲ್ಲಿ, ಬೆಂಗಳೂರಿನಲ್ಲಿ. 1948ರ ಲಂಡನ್ ಒಲಿಂಪಿಕ್ಸ್‌ಗೆ ಹೋದ ಭಾರತ ತಂಡದಲ್ಲಿ ಅವರಿದ್ದರು. ತಂಡದ ಹೆಚ್ಚಿನವರು ಆಡಿದ್ದು ಬರಿಗಾಲಲ್ಲೇ. ಫ್ರಾನ್ಸ್ ಎದುರು ಎರಡು ಪೆನಾಲ್ಟಿ ಕೈತಪ್ಪಿ, 2-1ರಿಂದ ಸೋತರು. ಮರುವರ್ಷ ಅಹ್ಮದ್ ಕಲ್ಕತ್ತೆಯ ಈಸ್ಟ್ ಬೆಂಗಾಲ್ ಸೇರಿದರು. ಅಲ್ಲಿ ಜನ ‘ಪಂಚಪಾಂಡವರು’ ಎಂದು ಕರೆದ ಐವರು ಮುನ್ನಡೆ ಆಟಗಾರರಲ್ಲಿ ಇವರೂ ಒಬ್ಬರು. 1951ರಲ್ಲಿ ದಿಲ್ಲಿಯ ಮೊದಲ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನವೂ ಬಂತು.

1952ರಲ್ಲಿ ಹೆಲ್ಸಿಂಕಿ. ಯುಗೋಸ್ಲಾವಿಯ ಎದುರು 10-1ರ ಸೋಲು. ಆ ಒಂದು ಗೋಲು ಅಹ್ಮದ್ ಅವರದು. ಆಮೇಲೆ ದೇಶದಲ್ಲಿ ಬೂಟು ಕಡ್ಡಾಯವಾಯಿತು. ಬೂಟು ತೊಟ್ಟ ಭಾರತ 1956ರಲ್ಲಿ ಮೆಲ್ಬರ್ನ್‌ನಲ್ಲಿ ನಾಲ್ಕನೇ ಸ್ಥಾನ ಪಡೆಯಿತು. ನಿಯಮ ಸರಿಯೇ ಇತ್ತು. ಆದರೂ ಬರಿಗಾಲೆಂದರೆ ಬರೀ ಬಡತನ ಎಂಬ ಮಾತನ್ನು ನಾವು ಒಪ್ಪುವುದಿಲ್ಲ. ಕಾಲ್ಬೆರಳಿನಿಂದ ಚೆಂಡನ್ನು ಆಳುವುದೂ ಒಂದು ವಿದ್ಯೆ.

ಅಹ್ಮದ್ 2017ರಲ್ಲಿ ಬೆಂಗಳೂರಿನಲ್ಲೇ ತೀರಿಕೊಂಡರು. ಹತ್ತು ಗೋಲು ತಿಂದ ಸೋಲನ್ನು ಹೇಳುವವರು ಬಹಳ ಮಂದಿ. ಒಂದು ಗೋಲು ಹೊಡೆದವರ ಹೆಸರನ್ನು ನಮ್ಮೂರ ಹುಡುಗರಿಗೆ ನಾವೇ ಹೇಳಬೇಕು.