ಆನ್‌ಲೈನ್ ಅಂಗಡಿಗೆ ಯಾವ ತಂತ್ರಾಂಶ?

ಹೊಳೆಆಲೂರಿನಂಥ ಊರಿನ ಬಟ್ಟೆ, ಕಿರಾಣಿ ವ್ಯಾಪಾರಸ್ಥರು ಆನ್‌ಲೈನ್ ಅಂಗಡಿ ತೆರೆಯುವಾಗ ತಂತ್ರಾಂಶದ ಅಂದಕ್ಕಿಂತ ಖರ್ಚು ನೋಡಬೇಕು. ಶಾಪಿಫೈಗೆ ವ್ಯಾಪಾರ ಆಗಲಿ ಬಿಡಲಿ, ತಿಂಗಳ ಬಾಡಿಗೆ ಕಟ್ಟಲೇಬೇಕು. ಸರ್ವರ್ ಚಿಂತೆ ಮಾತ್ರ ಇರುವುದಿಲ್ಲ. ವರ್ಡ್‌ಪ್ರೆಸ್ ಮೇಲೆ ನಡೆಯುವ ವೂಕಾಮರ್ಸ್ ಉಚಿತ. ಆದರೆ ಹೋಸ್ಟಿಂಗ್, ಡೊಮೇನ್ ಖರ್ಚು ತಪ್ಪದು, ಕೆಟ್ಟರೆ ಸರಿಪಡಿಸುವವರೂ ಬೇಕು. ಉಚಿತ ಎಂದು ಹೋದವರು ಇದನ್ನು ಲೆಕ್ಕಕ್ಕೆ ಹಿಡಿದಿರುವುದಿಲ್ಲ.

ಬಿಲ್ಲಿನಲ್ಲಿ ರಾಜ್ಯದೊಳಗಿನ ಮಾರಾಟಕ್ಕೆ ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ, ಹೊರರಾಜ್ಯಕ್ಕೆ ಐಜಿಎಸ್‌ಟಿ ಬೇರೆಬೇರೆ ಬರಬೇಕು.

ಗಿರಾಕಿಗಳ ಪಟ್ಟಿ, ಹಳೆಯ ಆರ್ಡರ್‌ಗಳು ಎಂದರೆ ಅಂಗಡಿಯ ಖಾತೆ-ಕಿರ್ದಿ ಇದ್ದಂತೆ. ಅವನ್ನು ಎಕ್ಸೆಲ್‌ಗೆ ಇಳಿಸಿಕೊಳ್ಳಲು ಬರುತ್ತದೆಯೇ ಎಂದು ಹಣ ಕಟ್ಟುವ ಮೊದಲೇ ಪರೀಕ್ಷಿಸಬೇಕು. ಬರದಿದ್ದರೆ ಮುಂದೆ ತಂತ್ರಾಂಶ ಬದಲಿಸುವಾಗ ಗಿರಾಕಿಗಳೇ ಕೈತಪ್ಪುತ್ತಾರೆ. ಡೊಮೇನ್ ನೋಂದಣಿಯೂ ವೆಬ್‌ಸೈಟ್ ಮಾಡಿಕೊಟ್ಟವರ ಹೆಸರಿನಲ್ಲಲ್ಲ, ಅಂಗಡಿ ಮಾಲೀಕರ ಹೆಸರಿನಲ್ಲೇ ಇರಬೇಕು.